ಹಾಳಮಣ್ಣಿನ ಹಾಲುಹಲ್ಲು

ಉತ್ಖನನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಸೇಡಂನ ನಮ್ಮ ಮನೆಗೆ ಬಂದು ಹೋಗುತ್ತಾರೆ. ಚಹಾದ ಬಟ್ಟಲು ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸರ, ನಿಮಗ ಬಂಗಾರ ಸಿಕ್ಕಿತ್ತೇನ್ರಿ?" ಇಲ್ಲಪ್ಪಾ, ಸಿಗಲಿಲ್ಲ. ಇಡೀ ನೌಕರಿಯಲ್ಲಿ ಗುಲಗಂಜಿಯಷ್ಟು ಬಂಗಾರವನ್ನೂ ನಾನು ಕಾಣಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ನಮ್ಮಂಥವರನ್ನು ನೋಡಿಯೇ ಮಾಡಿರಬೇಕು. ನನಗೆ ಸಿಕ್ಕದ್ದು ಮಕ್ಕಳ ಹಲ್ಲು. ನಗಬೇಡಿ! ಆ ಹಲ್ಲುಗಳನ್ನು ನೆನೆದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬರುತ್ತೇನೆ. ಮನೆಯವಳು "ಮತ್ತ ಹಲ್ಲು ನೆನಪಾದುವೇನ್ರಿ?" ಎಂದು ಒಳಗಿನಿಂದಲೇ ಕೇಳುತ್ತಾಳೆ.

ನನ್ನ ಕೆಲಸ ಗುಂಡಿಯ ಉಸ್ತುವಾರಿ. ನೆಲಕ್ಕೆ ದಾರ ಕಟ್ಟಿ ಚೌಕ ಹಾಕುವುದು, ಆಳುಗಳ ಕೈಯಲ್ಲಿ ಮೆತ್ತಗೆ ಕೆರೆಸುವುದು, ಮಣ್ಣಿನ ಬಣ್ಣ ಬದಲಾದಲ್ಲಿ ನಿಲ್ಲಿಸಿ ಪದರದ ಚಿತ್ರ ಬರೆಯುವುದು. ಮುಂದೆ ಏನೇನು ಹುದ್ದೆ ಕೊಟ್ಟರು ಎಂಬುದನ್ನು ಬಿಡಿ, ಅದರಿಂದ ಮಣ್ಣಿಗೇನೂ ಆಗಬೇಕಾದ್ದಿಲ್ಲ. ನೀವು ಕೇಳಬೇಕಾದದ್ದು ನನ್ನ ಮೊದಲ ಪಜೀತಿಯನ್ನು.

ಕೆಲಸಕ್ಕೆ ಸೇರಿದ ಹೊಸದು. ಚಿತ್ತಾಪುರದ ಕಡೆ ಒಂದು ಹೊಲದಲ್ಲಿ ಮೇಲಿನ ಮಣ್ಣು ತೆಗೆಯುವಾಗ ಹಸಿರು ಗಾಜಿನ ದುಂಡನೆಯ ಮಣಿಯೊಂದು ಹೊರಬಿತ್ತು. ತೂತು ಇಲ್ಲ, ಬಿರುಕು ಇಲ್ಲ, ಬಿಸಿಲಿಗೆ ಹಿಡಿದರೆ ಒಳಗೆ ಗುಳ್ಳೆ ಮಿನುಗುತ್ತಿವೆ! ರೋಮಿನ ವ್ಯಾಪಾರಿಗಳು ಗಾಜು ತರುತ್ತಿದ್ದರೆಂದು ಓದಿದ್ದೆನಲ್ಲ, ಕಾಲಿಗೆ ಚಪ್ಪಲಿಯನ್ನೂ ಹಾಕದೆ ಡೇರೆಗೆ ಓಡಿದೆ. ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಭಾಳ ಛಲೋ ಅದ. ಆದರ ಇದು ರೋಮಿನಿಂದ ಬಂದದ್ದಲ್ಲ ತಮ್ಮಾ, ವಾಡಿ ಸ್ಟೇಶನ್ನಿನಿಂದ ಬಂದದ್ದು. ಗೋಲಿ ಸೋಡಾದ ಗೋಲಿ ಇದು" ಎಂದರು. ಮುಂದೆ ಎರಡು ಹಂಗಾಮು ನನ್ನನ್ನು ಎಲ್ಲರೂ ಸೋಡಾ ಸಾಹೇಬ ಎಂದೇ ಕರೆದರು.

ದೇಸಾಯಿ ಸಾಹೇಬರ ಬಗ್ಗೆ ಒಂದು ಮಾತು. ಸಿಟ್ಟು ಮೂಗಿನ ತುದಿಯ ಮೇಲೆ, ಮನಸ್ಸು ಮಾತ್ರ ಬೆಣ್ಣೆ. ಅವರಿಗೆ ಶಾಸನವೆಂದರೆ ಪ್ರಾಣ. ಕಲ್ಲಿನ ಮೇಲೆ ಎರಡು ಅಕ್ಷರ ಕಂಡರೆ ಊಟ ಮರೆಯುತ್ತಿದ್ದರು. ಆಗ ಕೆಲಸದ ಪದ್ಧತಿಯೂ ಹಾಗೇ ಇತ್ತು: ಗುದ್ದಲಿ ಹೊಡಿ, ಬುಟ್ಟಿ ತುಂಬು, ಹೊರಗೆ ಚೆಲ್ಲು. ಕೈಗೆ ದೊಡ್ಡದಾಗಿ ತಾಗಿದ್ದಷ್ಟೇ ಇತಿಹಾಸ, ಉಳಿದದ್ದು ದೂಳು. ಆಮೇಲೆ ಜರಡಿ ಬಂತು, ನೋಡಿ! ಪ್ರತಿ ಬುಟ್ಟಿ ಮಣ್ಣನ್ನೂ ಸಣ್ಣ ಕಣ್ಣಿನ ಜರಡಿಗೆ ಹಾಕಿ, ನೀರು ಹೊಯ್ದು ತೊಳೆಯಬೇಕು. ಸಾಹೇಬರು ಮೊದಮೊದಲು ಗೊಣಗಿದರು. "ನಾವೇನು ಹಿಟ್ಟು ಸೋಸಾಕ ಬಂದೀವೇನು?" ಎಂದರು. ಆದರೆ ಆ ಜರಡಿಯಲ್ಲಿ ಮೀನಿನ ಮುಳ್ಳು, ಸುಟ್ಟು ಕರಕಲಾದ ತೊಗರಿ, ಸಾಸಿವೆಯಂಥ ಮಣಿ ಇವೆಲ್ಲ ನಿಲ್ಲತೊಡಗಿದಾಗ ಅವರೇ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಆರಿಸುವುದಕ್ಕೆ ಶುರುಮಾಡಿದರು.

ನನಗೆ ಮಾತ್ರ ಮೊದಲಿನಿಂದಲೂ ಒಂದು ಹುಚ್ಚು. ಹಳೆಯ ಊರಿನಲ್ಲಿ ರಾಜ ಸಿಗುತ್ತಾನೆ, ದಂಡನಾಯಕ ಸಿಗುತ್ತಾನೆ, ದಾನ ಕೊಟ್ಟವನು ಸಿಗುತ್ತಾನೆ. ಹುಡುಗರೆಲ್ಲಿ? ಊರೆಂದ ಮೇಲೆ ಓಣಿ ತುಂಬ ಹುಡುಗರು ಇರಲೇಬೇಕಲ್ಲ! ಮಡಕೆಯ ಚೂರನ್ನು ದುಂಡಗೆ ತಿಕ್ಕಿದ ಬಿಲ್ಲೆಗಳು ಎಲ್ಲ ಗುಂಡಿಯಲ್ಲೂ ಸಿಗುತ್ತಿದ್ದವು. ಅವನ್ನು ಮುಚ್ಚಳವೆಂದು ಬರೆಯುವುದು ರೂಢಿ. ನನಗೆ ಅವು ಕುಂಟಬಿಲ್ಲೆ ಆಟದ ಬಿಲ್ಲೆಗಳಾಗಿಯೇ ಕಾಣುತ್ತಿದ್ದವು. ಒಮ್ಮೆ ಆಟದ ಬಂಡಿಯ ಗಾಲಿ ಸಿಕ್ಕಿತೆಂದು ಕುಣಿದಾಡಿದೆ. ಅದು ನೂಲುವ ಕದಿರಿನ ಬಿಲ್ಲೆ ಎಂದು ಗೊತ್ತಾಯಿತು. "ನಿನ್ನ ಕಣ್ಣಿಗೆ ಎಲ್ಲಾ ಆಟದ ಸಾಮಾನೇ ಕಾಣ್ತಾವ" ಎಂದು ಸಾಹೇಬರು ಚೇಷ್ಟೆ ಮಾಡಿದರು. ಚೇಷ್ಟೆಗೆ ಹೆದರಿ ಹುಚ್ಚು ಬಿಡಬೇಡಿ ಎಂದು ನಿಮಗೆ ಹೇಳಬೇಕೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ. ದೇಸಾಯಿ ಸಾಹೇಬರ ನಿವೃತ್ತಿಗೆ ಇನ್ನು ಸ್ವಲ್ಪ ಕಾಲವಿದ್ದಾಗ ಕಾಗಿಣಾ ದಂಡೆಯ ಒಂದು ಸಣ್ಣ ಊರಿನಲ್ಲಿ ಗುಂಡಿ ತೆಗೆಯುತ್ತಿದ್ದೆವು. ಊರ ಹೆಸರು ಬೇಡ, ಯಾಕೆಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ಊರಿಗೆ ಅಂಟಿಕೊಂಡೇ ಹಾಳೂರಿನ ದಿಬ್ಬ. ದಿಬ್ಬದ ಅಂಚಿಗೆ, ನಮ್ಮ ಗುಂಡಿಯ ಬಾಜೂಕೇ, ಚಂದಮ್ಮನ ಮನೆ. ಚಂದಮ್ಮ ನಮ್ಮ ಜರಡಿಯ ಕೆಲಸಕ್ಕೆ ಬರುತ್ತಿದ್ದಳು. ಗಟ್ಟಿ ದನಿ, ಗಟ್ಟಿ ಕೈ, ಮಗಳ ಮಾತು ಬಂದರೆ ಮಾತ್ರ ಮೆತ್ತಗಾಗುವ ಹೆಂಗಸು. ಮಗಳು ರೇಣುಕಾಳನ್ನು ಚಿತ್ತಾಪುರಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ, ಏಳು ತಿಂಗಳಿನ ಕುಬಸದ ಶಾಸ್ತ್ರವೂ ಮುಗಿದಿತ್ತು. ಅಮಾವಾಸ್ಯೆ ಕಳೆದ ಮೇಲೆ ಹೆರಿಗೆಗೆಂದು ತವರಿಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಚಂದಮ್ಮ ಮನೆಗೆ ಸುಣ್ಣ ಹೊಡೆಸಿ, ಹಳೆಯ ಸೀರೆಗಳನ್ನು ಒಗೆದು ಮಡಚಿ ಬಾಣಂತಿ ಕೋಣೆಯನ್ನು ಸಿದ್ಧ ಮಾಡಿಟ್ಟಿದ್ದಳು.

ನಾವು ಆಗ ಕೆರೆಯುತ್ತಿದ್ದದ್ದು ಬೂದುಬಿಳಿ ಮಣ್ಣಿನ ಒಂದು ದಪ್ಪ ಪದರ. ರಾಷ್ಟ್ರಕೂಟರ ಕಾಲದ ಮನೆಯೊಂದರ ಒಳಗೆ ಸಮನಾಗಿ ಹರಡಿಕೊಂಡಿತ್ತು. ಒಂದು ಮಧ್ಯಾಹ್ನ ಚಂದಮ್ಮ ಜರಡಿಯಿಂದ ಏನನ್ನೋ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ಬಂದಳು.

"ಸರ, ಇವು ಜ್ವಾಳದ ಕಾಳ ಅವೇನ್ರಿ? ಕಲ್ಲಿನಂಗ ಗಟ್ಟಿ ಅವ ನೋಡ್ರಿ."

ಮಸೂರ ಹಿಡಿದು ನೋಡಿದೆ. ಹಲ್ಲು! ಸಣ್ಣ, ಬೆಳ್ಳಗಿನ, ಮಕ್ಕಳ ಹಲ್ಲು! ನಾನು ಕೂಗಿದ ಕೂಗಿಗೆ ದಿಬ್ಬದ ಮೇಲೆ ಮೇಯುತ್ತಿದ್ದ ಆಡುಗಳು ದಿಕ್ಕಾಪಾಲಾಗಿ ಓಡಿದವು. ಬದುಕಿನುದ್ದಕ್ಕೂ ಹುಡುಕಿದ ಹುಡುಗರು ಕೊನೆಗೂ ಬಾಯಿ ತೆರೆದಿದ್ದರು. ಮರುದಿನ ಮತ್ತಷ್ಟು ಹಲ್ಲು, ಅದರ ಮರುದಿನ ಇನ್ನಷ್ಟು. ಎಲ್ಲವೂ ಅದೇ ಬಿಳಿ ಪದರದಲ್ಲಿ. ಆದರೆ ದವಡೆ ಇಲ್ಲ, ತಲೆಬುರುಡೆ ಇಲ್ಲ, ಒಂದು ಬೆರಳಿನ ಎಲುಬೂ ಇಲ್ಲ.

ದೇಸಾಯಿ ಸಾಹೇಬರು ಹಣೆ ಉಜ್ಜಿಕೊಂಡು ಯೋಚಿಸಿದರು. "ಒಂದೇ ಮನಿಯೊಳಗ ಇಷ್ಟು ಕೂಸುಗಳ ಹಲ್ಲು ಅಂದರ ಸಾದಾ ಮಾತಲ್ಲ. ಮನಿ ಕಟ್ಟೂ ಮುಂದ ಏನರೆ ಬಲಿ ಕೊಟ್ಟಿರಬಹುದೇನು?" ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು. ತಮ್ಮಷ್ಟಕ್ಕೆ ಎಂದು ಅವರು ತಿಳಿದಿದ್ದರು, ಅಷ್ಟೇ. ಹಿಂದೆಯೇ ಒಬ್ಬ ಎಳೆಯ ಪತ್ರಕರ್ತ ನಿಂತಿದ್ದ. ಅವನು ನನ್ನ ಕಡೆ ತಿರುಗಿ, ಇದು ಎಂಥ ಮಣ್ಣು ಎಂದು ಕೇಳಿದ.

"ಹಾಳಮಣ್ಣು" ಎಂದೆ ನಾನು.

ನಮ್ಮ ಸೀಮೆಯಲ್ಲಿ ಹಾಳಮಣ್ಣು ಗೊತ್ತಿಲ್ಲದ ಮುದುಕರಿಲ್ಲ. ಹಳೆಯ ಮನೆಗಳ ಮಾಳಿಗೆಗೆ ಮೊದಲು ಜಂತಿ, ಅದರ ಮೇಲೆ ಕಟ್ಟಿಗೆ ಇಲ್ಲವೆ ಶಹಾಬಾದಿನ ಫರಸಿ ಕಲ್ಲು, ಅದರ ಮೇಲೆ ಈ ಬೂದುಬಿಳಿ ಮಣ್ಣು ಹಾಕುತ್ತಾರೆ. ಎಂಥ ಮಳೆ ಹೊಡೆದರೂ ಒಳಗೆ ಹನಿ ನೀರು ಇಳಿಯುವುದಿಲ್ಲ. ಹಾಳಾದ ಊರಿನ ದಿಬ್ಬದಿಂದ ಅಗೆದು ತರುವುದರಿಂದ ಅದಕ್ಕೆ ಆ ಹೆಸರು. ಪಾಪ, ಆ ಹುಡುಗ ಸಿಮೆಂಟಿನ ಛಾವಣಿಯ ಕೆಳಗೆ ಬೆಳೆದವನು. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬಂತು: ಹಾಳು ಮಣ್ಣಿನಲ್ಲಿ ಮಕ್ಕಳ ಬಲಿ? ಕೊನೆಯಲ್ಲಿದ್ದ ಪ್ರಶ್ನೆ ಚಿಹ್ನೆಯನ್ನು ಯಾರೂ ಓದಲಿಲ್ಲ. ಕೆಳಗೆ ಗುಂಡಿಯ ಚಿತ್ರ, ಚಿತ್ರದಲ್ಲಿ ಚಂದಮ್ಮನ ಮನೆಯ ಗೋಡೆ ನಿಚ್ಚಳವಾಗಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಜರಡಿಗೆ ಬಂದವಳು ಚಂದಮ್ಮ ಒಬ್ಬಳೇ. ಉಳಿದ ಹೆಂಗಸರೆಲ್ಲ ಮನೆಯಲ್ಲೇ ಉಳಿದಿದ್ದರು. ಅವಳ ಕಣ್ಣು ಕೆಂಪಗಾಗಿದ್ದವು.

"ಏನಾತು ಚಂದಮ್ಮಾ?" ಎಂದೆ.

"ಬೀಗ್ತಿ ಈರಮ್ಮ ಫೋನ್ ಮಾಡಿದ್ಳ್ರಿ ಸರ. ಕೂಸುಗಳನ ಕೊಂದ ಜಾಗದಾಗ ನನ್ನ ಸೊಸಿ ಹಡೀಬೇಕೇನು, ಕಳ್ಸಲ್ಲ ಅಂದಾಳ. ಮಂದಿ ಏನಂತಾರೋ ಅನ್ಲಿ, ನನಗ ಅದರ ಫಿಕರಿಲ್ಲ. ಆದ್ರ ಪೋರಿ ಭಾಳ ಹೆದರ್ಯಾಳ್ರಿ. ಅವ್ವಾ, ನೀ ಬಾಜೂಕಿರಬೇಕು ಅಂತ ಫೋನ್ನಾಗ ಅಳಾಕತ್ತಾಳ. ನಾ ಏನ್ ಮಾಡ್ಲಿ ಹೇಳ್ರಿ."

ನೇರವಾಗಿ ಸಾಹೇಬರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಸಿಡುಕಲಿಲ್ಲ. "ಬಾಯಿಗೆ ಬಂದಂಗ ಮಾತಾಡಿ ಕೂತ್ನಲ್ಲೋ ನಾನು" ಎಂದು ಅಲ್ಲೇ ಕೂತು ಹೈದರಾಬಾದಿಗೆ ಫೋನು ಹಚ್ಚಿದರು. ಹಳೆಯ ಎಲುಬು, ಹಲ್ಲುಗಳನ್ನು ಓದುವ ಡಾಕ್ಟರ್ ನಸೀಮಾ ಅವರನ್ನು ಕರೆಸಿದರು.

ವಾಡಿ ಸ್ಟೇಶನ್ನಿನಿಂದ ಅವರನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಅವರ ತಾಯಿಯ ತವರು ಶಹಾಬಾದ್, ಹಾಗಾಗಿ ಕನ್ನಡ ಸಲೀಸಾಗಿ ಬರುತ್ತಿತ್ತು. ಇಂಗ್ಲೆಂಡಿನಲ್ಲಿ ಎಷ್ಟೋ ಕಾಲ ಕೆಲಸ ಮಾಡಿ ಬಂದವರು. ಅಲ್ಲಿ ಅವರು ಓದಿದ್ದು ಯಾರ ಎಲುಬುಗಳನ್ನು ಗೊತ್ತೇ? ನಮ್ಮ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಹೊತ್ತಿಗೆ ಆ ದೇಶದಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ಜನರ ಮಕ್ಕಳ ಎಲುಬುಗಳನ್ನು! ಕೇಳಿದ್ದೇ ತಡ, ನಾನು ಪ್ರಶ್ನೆಗಳ ಸುರಿಮಳೆ ಹಚ್ಚಿದೆ. ಜೀಪಿನ ಡ್ರೈವರು ಎರಡು ಸಲ ತಿರುಗಿ ನೋಡಿದ.

"ಆ ಹುಡುಗರು ಏನು ಆಡ್ತಿದ್ರು ಮೇಡಮ್?"

"ಕಟ್ಟಿಗಿ ಆಟದ ಸಾಮಾನೆಲ್ಲ ಮಣ್ಣಾಗ ಕೊಳತು ಹೋಗ್ಯಾವ. ಎಲುಬಿನ ಪೀಪಿ ಒಂದೊಂದು ಉಳದಾವ. ಆಡೋ ವಯಸ್ಸೇ ಅವರಿಗೆ ಕಮ್ಮಿ ಇತ್ತು ಜನಾಬ್. ಹತ್ತು ಹನ್ನೆರಡು ವರ್ಷ ಆತಂದರ ಕಾಯದೆ ಪ್ರಕಾರ ದೊಡ್ಡವರು. ಸಣ್ಣ ಪೋರರ ಸೊಂಟಕ್ಕೂ ಒಂದು ಸಣ್ಣ ಚಾಕು ಇರ್ತಿತ್ತು. ಕೆಲವರನ್ನ ಬೇರೆಯವರ ಮನಿಗೆ ಬೆಳೆಯಾಕ ಕಳಸ್ತಿದ್ರು, ಕೆಲವರನ್ನ ಸಣ್ಣವರಿದ್ದಾಗಲೇ ಮಠಕ್ಕ ಕೊಡ್ತಿದ್ರು."

"ಇಷ್ಟೆಲ್ಲಾ ಹ್ಯಾಂಗ ಗೊತ್ತಾತ್ರಿ?"

"ಸ್ವಲ್ಪ ಬರಹದಿಂದ. ಉಳಿದದ್ದೆಲ್ಲ ಗೋರಿಯಿಂದ." ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು. "ನಾ ಅಲ್ಲಿ ಕಂಡ ಮಕ್ಕಳೆಲ್ಲಾ ಸತ್ತ ಮಕ್ಕಳು. ಬದುಕಿ ದೊಡ್ಡವರಾದವರ ಬಾಲ್ಯ ನಮ್ಮ ಕೈಗೆ ಸಿಗೂದೇ ಇಲ್ಲ. ಎಷ್ಟೋ ವರ್ಷ ಅದೇ ಕೆಲಸ ಮಾಡಿ ನನಗ ಸಾಕಾಗಿತ್ತು."

ಆ ಮಾತು ಕೇಳಿ ನನಗೂ ಸಂಕಟವಾಯಿತು. ನಮ್ಮ ಗುಂಡಿಯದೂ ಅದೇ ಕಥೆಯಾದರೆ ಚಂದಮ್ಮನ ಮುಖ ಹೇಗೆ ನೋಡಲಿ ಎಂದು ಯೋಚಿಸುತ್ತ ದಾರಿಯುದ್ದಕ್ಕೂ ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತದ್ದು ಆ ನೌಕರಿಯಲ್ಲಿ ಅದೇ ಮೊದಲಿರಬೇಕು.

ಡೇರೆಯಲ್ಲಿ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಹಲ್ಲುಗಳನ್ನು ಸಾಲಾಗಿ ಇಟ್ಟೆವು. ಸಾಹೇಬರು ಒಂದು ಕಡೆ, ನಾನು ಒಂದು ಕಡೆ. ಬಾಗಿಲ ಹತ್ತಿರ ಚಂದಮ್ಮ ಸೆರಗು ಹಿಡಿದು ನಿಂತಿದ್ದಳು. ನಸೀಮಾ ಮೊದಲ ಹಲ್ಲನ್ನು ಚಿಮಟಿಗೆಯಲ್ಲಿ ಎತ್ತಿ ಮಗುಚಿದರು. ಎರಡನೆಯದನ್ನು ಮಗುಚಿದರು. ಆಮೇಲೆ ಸರಸರನೆ ಎಲ್ಲವನ್ನೂ ಮಗುಚಿ ನೋಡತೊಡಗಿದರು. ಅವರ ಮುಖ ಅರಳುತ್ತ ಹೋಯಿತು.

"ಅರೇ! ಇವುಗಳ ಬೇರು ಎಲ್ಲಿ?"

"ಮುರಿದು ಹೋಗಿರಬೇಕು" ಎಂದರು ಸಾಹೇಬರು.

"ಮುರಿದ ಬೇರು ಬ್ಯಾರೆ, ಕರಗಿದ ಬೇರು ಬ್ಯಾರೆ, ದೇಸಾಯಿ ಸಾಬ್! ಹಾಲುಹಲ್ಲಿಗೂ ಬೇರು ಇರ್ತದ. ಕೆಳಗಿಂದ ಹೊಸ ಹಲ್ಲು ದಬ್ಬುವಾಗ ಆ ಬೇರು ಕರಗಿ ಹೋಗ್ತದ, ಆಮ್ಯಾಲ ಹಲ್ಲು ತಾನೇ ಬೀಳ್ತದ. ಸತ್ತ ಕೂಸಿನ ಬಾಯಾಗಿನ ಹಲ್ಲಾದರ ಬೇರು ಹಾಂಗೇ ಉಳೀತದ. ನೋಡ್ರಿ ಇಲ್ಲಿ, ಇವೆಲ್ಲಾ ತಾವಾಗೇ ಬಿದ್ದಾವ. ಈ ಮಕ್ಕಳನ್ನ ಯಾರೂ ಕೊಂದಿಲ್ಲ!"

ಸಾಹೇಬರು ಒಂದೊಂದನ್ನೇ ಮಸೂರದಲ್ಲಿ ನೋಡಿದರು. ಬುಡದಲ್ಲಿ ಸವೆದ ಬಟ್ಟಲಿನಂಥ ಗುಳಿ, ಅಷ್ಟೇ. ಆದರೂ ಅವರಿಗೆ ಸಮಾಧಾನವಿಲ್ಲ. "ಒಪ್ಪಿದೆ. ಆದರ ಊರಿನ ಹುಡುಗರೆಲ್ಲಾ ಬಂದು ಇದೇ ಮನಿಯೊಳಗ ಯಾಕ ಹಲ್ಲು ಉದುರಿಸಿದ್ರು? ಅದೂ ಆ ಬಿಳೀ ಮಣ್ಣಿನ್ಯಾಗ?"

ಬಿಳಿ ಮಣ್ಣು! ಸಾಹೇಬರ ಬಾಯಲ್ಲಿ ಅದು ಯಾವತ್ತೂ ಬಿಳಿ ಮಣ್ಣು. ನಾನು ಅದನ್ನು ಹಾಳಮಣ್ಣು ಎಂದು ಕರೆಯುತ್ತಲೇ ಇದ್ದೆ, ಚಿತ್ರವನ್ನೂ ಬರೆದಿದ್ದೆ. ಬಾಯಿ ಹೇಳುತ್ತಿದ್ದದ್ದನ್ನು ತಲೆ ಕೇಳಿಸಿಕೊಂಡಿರಲಿಲ್ಲ. ಹಾಳಮಣ್ಣು ಎಲ್ಲಿರುತ್ತದೆ? ಮೈಯಲ್ಲಿ ಮಿಂಚು ಹರಿದಂತಾಗಿ ಮೇಜಿಗೆ ಡಿಕ್ಕಿ ಹೊಡೆದು ಎದ್ದು ನಿಂತೆ.

"ಸಾಹೇಬ್ರೇ, ಅದು ನೆಲ ಅಲ್ರಿ! ಮಾಳಿಗಿ ಅದು! ಕುಸಿದು ಬಿದ್ದ ಮಾಳಿಗಿ! ಹುಡುಗರ ಹಲ್ಲು ಬಿದ್ರ ನಾವು ಎಲ್ಲಿ ಒಗೀತೀವ್ರಿ?"

ಚಂದಮ್ಮ ಬಾಗಿಲಿನಿಂದಲೇ "ಯವ್ವಾ!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿ ಇಟ್ಟು, ಹಳೇ ಹಲ್ಲು ಒಯ್ಯಿ ಹೊಸಾ ಹಲ್ಲು ಕೊಡು ಎಂದು ಮಾಳಿಗೆಯ ಮೇಲೆ ಎಸೆಯದವರು ನಮ್ಮಲ್ಲಿ ಯಾರಿದ್ದಾರೆ? ನಾನು ಎಸೆದಿದ್ದೆ, ನನ್ನ ಮಕ್ಕಳೂ ಎಸೆದಿದ್ದರು. ದೇಸಾಯಿ ಸಾಹೇಬರು ಹಣೆ ಹಣೆ ಬಡಿದುಕೊಂಡು ನಗತೊಡಗಿದರು. "ನಂದೂ ಅವ ಅಲ್ಲೋ, ನಮ್ಮ ಊರ ಮನಿ ಮ್ಯಾಲ!" ನಸೀಮಾ ಕಣ್ಣೊರೆಸಿಕೊಳ್ಳುತ್ತ, "ಶಹಾಬಾದಿನ್ಯಾಗ ನಮ್ಮ ನಾನಿ ಮನಿ ಮ್ಯಾಲ ನಂದೂ ಒಂದು ಇರಬೇಕು" ಎಂದರು. ಡೇರೆಯ ತುಂಬ ಹಬ್ಬವೋ ಹಬ್ಬ! ಸಾವಿರ ವರ್ಷದ ಹಿಂದಿನ ಹುಡುಗರು ನಮ್ಮ ಹಾಗೆಯೇ ಓಣಿಯಲ್ಲಿ ನಿಂತು, ಬೊಚ್ಚು ಬಾಯಿ ತೆರೆದು, ಗುರಿಯಿಟ್ಟು ಎಸೆದಿದ್ದರು. ನನಗೆ ಬೇಕಾಗಿದ್ದ ಹುಡುಗರು ಇವರೇ.

ಹೊಸಬರಿಗೆ ಇಲ್ಲಿ ಒಂದು ಕಿವಿಮಾತು. ವರದಿಯಲ್ಲಿ ಸಾಹೇಬರು 'ಇರಬಹುದು' ಎಂದೇ ಬರೆದರು. ಮೈ ಜುಮ್ಮೆಂದರೂ ಇರಬಹುದು ಎಂದೇ ಬರೆಯಬೇಕು.

ಆದರೆ ಊರ ಬಾಯಿಗೆ ವರದಿ ಸಾಲುತ್ತದೆಯೇ? ಸಾಹೇಬರು ಪತ್ರಿಕೆಗೆ ತಿದ್ದುಪಡಿ ಹೇಳಿ ಕಳಿಸಿದರು. ಅದು ಒಳಪುಟದ ಮೂಲೆಯಲ್ಲಿ, ಕಳೆದುಹೋದ ಎಮ್ಮೆಯ ಜಾಹೀರಾತಿನ ಕೆಳಗೆ ಬಂತು. ಚಂದಮ್ಮ ಬೀಗತಿಗೆ ಫೋನಿನಲ್ಲಿ ಎಷ್ಟು ಹೇಳಿದರೂ, "ಫೋನ್ನಾಗ ಎಲ್ಲಾರೂ ಛಂದ ಮಾತಾಡ್ತಾರ" ಎಂಬ ಉತ್ತರವೇ ಬಂತು. ನಿಯಮದ ಪ್ರಕಾರ ಹಲ್ಲುಗಳನ್ನು ಡೇರೆಯಿಂದ ಆಚೆ ಒಯ್ಯುವ ಹಾಗಿಲ್ಲ. ಕೊನೆಗೆ ಸಾಹೇಬರೇ ಫೋನು ಇಸಿದುಕೊಂಡು, "ತಾಯೀ, ನೀವೇ ಬಂದು ಕಣ್ಣಾರೆ ನೋಡ್ರಿ. ನಿಮ್ಮ ಮನಸಿಗೆ ಬರಲಿಲ್ಲಂದ್ರ ನಾವ್ಯಾರೂ ಮುಂದ ಒಂದು ಮಾತಾಡಲ್ಲ" ಎಂದರು.

ಈರಮ್ಮ ಬಂದಳು. ಚಿತ್ತಾಪುರದ ಬಸ್ಸಿನಿಂದ ಇಳಿದವಳು ಚಂದಮ್ಮನ ಮನೆಯ ಹೊಸ್ತಿಲನ್ನೂ ದಾಟದೆ ನೆಟ್ಟಗೆ ಡೇರೆಗೆ ಬಂದು, ಕುಂದ್ರಿ ಎಂದರೂ ಕೂರದೆ ನಿಂತಳು. ಎತ್ತರದ ಹೆಂಗಸು, ಬಿಗಿದ ತುಟಿ. ಇವಳನ್ನು ಒಪ್ಪಿಸುವುದು ನಮ್ಮ ಹಣೆಯಲ್ಲಿ ಬರೆದಿಲ್ಲ ಎಂದು ನನಗೆ ಅನಿಸಿತು. ನಸೀಮಾ ಒಂದು ಹಲ್ಲನ್ನು ಅವಳ ಅಂಗೈಯಲ್ಲಿ ಇಟ್ಟು, ಬೇರು ಕರಗಿದ ಗುಳಿಯನ್ನು ತೋರಿಸಿ, ಮಾಳಿಗೆಯ ಮಣ್ಣಿನ ಮಾತನ್ನು ನಿಧಾನವಾಗಿ ಹೇಳಿದರು.

ಈರಮ್ಮ ಬಹಳ ಹೊತ್ತು ಹಲ್ಲನ್ನೇ ನೋಡಿದಳು.

"ಡಾಕ್ಟರಬಾಯಿ, ಈ ಹಲ್ಲಿನ ಕೂಸು ಖರೇನೇ ಬದುಕಿತ್ತೇನ್ರಿ?"

"ಬದುಕಿತ್ತು ಅಮ್ಮಾ. ಆರೇಳು ವರ್ಷ ತನಕಾ ಖರೇ ಬದುಕಿತ್ತು. ಇದು ಬಿದ್ದ ಮ್ಯಾಲ ಹೊಸಾ ಹಲ್ಲೂ ಬಂದಿರ್ತಾವ."

"ಮತ್ತ ಇವು?" ಬಟ್ಟೆಯ ಮೇಲಿದ್ದವುಗಳನ್ನು ತೋರಿಸಿದಳು. "ಇವಷ್ಟೂ?"

"ಅವಷ್ಟೂ."

ಈರಮ್ಮ ಮೇಜಿನ ಅಂಚು ಹಿಡಿದು ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಚಂದಮ್ಮ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟಳು.

"ನನ್ನ ಮೊದಲನೇ ಕೂಸಿಗಿ ಹಲ್ಲೇ ಬರಲಿಲ್ಲವ್ವಾ, ಬೀಗ್ತಿ" ಎಂದಳು ಈರಮ್ಮ. "ಅಷ್ಟರಾಗೇ ಹೋತು. ಯಾರಿಗೂ ಹೇಳ್ಕೊಳ್ಳಲ್ಲ ನಾ ಅದನ. ಆ ಪೇಪರ್ ಓದಿಸಿ ಕೇಳಿದಾಗಿಂದ ನನಗ ನಿದ್ದಿಲ್ಲ. ನಿನ್ನ ಮ್ಯಾಲ ನನಗೇನು ಸಿಟ್ಟಿಲ್ಲ, ನನಗ ಅಂಜಿಕಿ ಆಗಿತ್ತು."

ಚಂದಮ್ಮನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಸಾಹೇಬರು ಡೇರೆಯ ಹಗ್ಗ ಸರಿಯಾಗಿದೆಯೋ ಇಲ್ಲವೋ ನೋಡುವವರಂತೆ ಹೊರಗೆ ಹೋದರು.

ಈರಮ್ಮ ಮೂಗು ಒರೆಸಿಕೊಂಡು, ಹಲ್ಲನ್ನು ನಸೀಮಾ ಅವರ ಕೈಗೆ ಜೋಪಾನವಾಗಿ ಕೊಟ್ಟು ಎದ್ದಳು. "ಬೀಗ್ತಿ, ನಿನ್ನ ಮಗಳನ ಕರಕೊಂಡು ಬಾ. ಹಡದ್ರ ಈ ಮಣ್ಣಿನ ಬಾಜೂಕೇ ಹಡೀಲಿ. ಇಲ್ಲಿ ಕೂಸುಗಳು ಹಲ್ಲು ಬೀಳೂ ತನಕಾ ಬದುಕ್ತಾವ."

"ಯಾವಾಗ ಬರ್ಲಿ ಯವ್ವಾ? ನಾಳೆ ಬರ್ಲೇನು?" ಎಂದಳು ಚಂದಮ್ಮ.

"ನಾಳೆ ಯಾಕ? ಅಮಾಸಿ ಕಳೀತು, ಬಸ್ಸು ಇವತ್ತೂ ಅದ ಅಲ್ಲ!"

ಚಂದಮ್ಮ ಕೆಸರುಗೈಯಲ್ಲೇ ಸೆರಗು ಸಿಗಿಸಿಕೊಂಡು ಬೀಗತಿಯ ಹಿಂದೆ ಓಡಿದಳು. ಅವತ್ತಿನ ಮಣ್ಣು ಇನ್ನೂ ಅರ್ಧ ಉಳಿದಿತ್ತು. ದೇಸಾಯಿ ಸಾಹೇಬರು, ಡಾಕ್ಟರ್ ನಸೀಮಾ ಮತ್ತು ನಾನು ಮೂವರೂ ತೋಳು ಮಡಚಿಕೊಂಡು ಜರಡಿಯ ಮುಂದೆ ಕೂತೆವು.